ಗಡಿಯಾಚೆಯ ಸ್ವತ್ತು

ಬೆಂಗಳೂರಿನ ನಿವಾಸಿಯೊಬ್ಬ ದುಬೈಯಲ್ಲಿ ಫ್ಲ್ಯಾಟ್ ಕೊಳ್ಳಲು ಹಣ ಕಳಿಸುತ್ತಾನೆ ಎನ್ನುವಾಗ ‘ಕಳಿಸು’ ಎಂಬ ಕ್ರಿಯಾಪದ ಒಂದು ಭ್ರಮೆ ಹುಟ್ಟಿಸುತ್ತದೆ. ಕಳಿಸಿದ ವಸ್ತು ಇಲ್ಲಿಂದ ಹೊರಟು, ದಾರಿ ಸವೆಸಿ, ಅಲ್ಲಿ ತಲುಪಬೇಕು. ಇಲ್ಲಿ ಅಂಥದ್ದೇನೂ ನಡೆಯುವುದಿಲ್ಲ. ಅವನು ಬ್ಯಾಂಕಿನಲ್ಲಿ ಎ2 ಫಾರ್ಮ್ ತುಂಬುತ್ತಾನೆ, ಪ್ಯಾನ್ ಸಂಖ್ಯೆ ಕೊಡುತ್ತಾನೆ, ಹಣ ಯಾತಕ್ಕೆಂದು ನಮೂದಿಸುತ್ತಾನೆ. ಬ್ಯಾಂಕು ಅವನ ಖಾತೆಗೆ ಅಷ್ಟು ರೂಪಾಯಿ ಖರ್ಚು ಬರೆದು ಸ್ವಿಫ್ಟ್ ಜಾಲದಲ್ಲಿ ಒಂದು ಸಂದೇಶ ರವಾನಿಸುತ್ತದೆ. 1973ರಲ್ಲಿ ಬೆಲ್ಜಿಯಂನಲ್ಲಿ ಸ್ಥಾಪನೆಯಾದ ಸ್ವಿಫ್ಟ್ ಸಂಸ್ಥೆ ಹೊತ್ತೊಯ್ಯುವುದು ಬರೀ ಮಾತನ್ನು. ಆ ಮಾತು ತಲುಪಿದಾಗ, ಭಾರತದ ಬ್ಯಾಂಕು ವಿದೇಶದ ಬ್ಯಾಂಕೊಂದರಲ್ಲಿ ಮೊದಲೇ ಇಟ್ಟುಕೊಂಡ ಖಾತೆಯಿಂದ ಡಾಲರೋ ದಿರ್ಹಮೋ ಮಾರುವವನ ಕಡೆಗೆ ವರ್ಗವಾಗುತ್ತದೆ. ಅಂಥ ಖಾತೆಗೆ ಬ್ಯಾಂಕಿನವರ ಹೆಸರು ‘ನಾಸ್ಟ್ರೊ’. ಇಟಲಿಯ ಮಾತಿನಲ್ಲಿ ‘ನಮ್ಮದು’. ಅದೇ ಖಾತೆ ಎದುರಿನ ಬ್ಯಾಂಕಿನ ಲೆಕ್ಕದಲ್ಲಿ ‘ವಾಸ್ಟ್ರೊ’, ‘ನಿಮ್ಮದು’. ರೂಪಾಯಿ ಭಾರತದಲ್ಲೇ ಉಳಿಯಿತು, ದಿರ್ಹಮ್ ಎಮಿರೇಟ್ಸ್‌ನಲ್ಲೇ ಉಳಿಯಿತು. ನಮ್ಮದು, ನಿಮ್ಮದು ಎಂಬ ಎರಡು ಪದಗಳ ಮುಂದಿನ ಅಂಕಿ ಬದಲಾಯಿತು.

ಮನೆಯೂ ಕದಲಲಿಲ್ಲ. ಗೋಡೆ, ಬಾಗಿಲು, ಮೂವತ್ತನೆಯ ಮಹಡಿಯ ಕಿಟಕಿಯಿಂದ ಕಾಣುವ ಸಮುದ್ರ ಎಲ್ಲವೂ ನಿನ್ನೆ ಇದ್ದಂತೆಯೇ ಇವೆ. ಕೊಂಡವನು ಅದನ್ನು ಕಣ್ಣಾರೆ ನೋಡದೆಯೂ ಇರಬಹುದು. ಹಾಗಿದ್ದರೂ ಏನೋ ಒಂದು ಆಗಿದೆ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದದ್ದಕ್ಕೆ ಶಾಸ್ತ್ರಕಾರರು ಕೊಟ್ಟ ಹೆಸರು ‘ಸ್ವತ್ವ’, ಒಂದು ವಸ್ತು ಒಬ್ಬನದಾಗಿರುವಿಕೆ. ಕನ್ನಡದ ‘ಸ್ವತ್ತು’ ಅದರದೇ ತದ್ಭವ. ಗ್ರಾಮ ಪಂಚಾಯಿತಿಯ ‘ಇ-ಸ್ವತ್ತು’ ದಾಖಲೆಗೆ ಓಡಾಡುವ ಪ್ರತಿಯೊಬ್ಬರ ನಾಲಗೆಯ ಮೇಲೂ ಈ ಹಳೆಯ ಪಾರಿಭಾಷಿಕ ಪದ ಅವರಿಗೇ ತಿಳಿಯದಂತೆ ಕೂತಿದೆ. ಸ್ವತ್ವ ಎಲ್ಲಿರುತ್ತದೆ? ವಸ್ತುವಿನಲ್ಲೋ, ಒಡೆಯನಲ್ಲೋ, ಬರಹದಲ್ಲೋ? ಅದನ್ನು ಕೊಡುವವರು ಯಾರು? ಒಂದು ಧರ್ಮದ ಗ್ರಂಥಗಳು ಹೇಳಿದ ಒಡೆತನ, ಆ ಗ್ರಂಥಗಳ ಹೆಸರನ್ನೂ ಕೇಳದ ದೇಶದಲ್ಲಿ ಹೇಗೆ ಉಂಟಾಗುತ್ತದೆ?

ಕೊನೆಯ ಪ್ರಶ್ನೆಯನ್ನು ನೇರವಾಗಿ ಎತ್ತಿ ಉತ್ತರಿಸಿದ ಗ್ರಂಥ ಹುಟ್ಟಿದ್ದು ಕರ್ನಾಟಕದಲ್ಲಿ. ಚಾಲುಕ್ಯ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಕಲ್ಯಾಣದಿಂದ ಆಳುತ್ತಿದ್ದಾಗ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಗ್ರಂಥಾಂತ್ಯದಲ್ಲಿ ಆತ ಕಲ್ಯಾಣವನ್ನೂ ವಿಕ್ರಮಾದಿತ್ಯನನ್ನೂ ಹೊಗಳುತ್ತಾನೆ. ಆತ ಪರಿವ್ರಾಜಕ, ತನ್ನದೆಂದು ಏನನ್ನೂ ಇಟ್ಟುಕೊಳ್ಳಬಾರದ ಸನ್ಯಾಸಿ. ಅಂಥವನ ಕೈಯಿಂದಲೇ ಆಸ್ತಿಯ ಬಗೆಗಿನ ಭಾರತದ ಅತಿ ಪ್ರಭಾವಿ ಗ್ರಂಥ ಬಂತು. 1810ರಲ್ಲಿ ಇಂಗ್ಲಿಷ್ ವಿದ್ವಾಂಸ ಕೋಲ್‌ಬ್ರೂಕ್ ಅದರ ದಾಯವಿಭಾಗದ ಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ, ಬಂಗಾಳದ ಸೀಮೆ ಬಿಟ್ಟು ಉಳಿದೆಡೆಗಳ ನ್ಯಾಯಾಲಯಗಳಲ್ಲಿ ಹಿಂದೂಗಳ ಆಸ್ತಿ ವ್ಯಾಜ್ಯಗಳು ಅದನ್ನೇ ಆಧರಿಸಿ ತೀರ್ಮಾನವಾಗುತ್ತಿದ್ದವು.

ಅಪ್ಪನ ಆಸ್ತಿಯನ್ನು ಹಂಚುವ ಪ್ರಕರಣಕ್ಕೆ ಕೈಹಚ್ಚುವ ಮೊದಲು ವಿಜ್ಞಾನೇಶ್ವರ ನಿಂತು ಕೇಳುತ್ತಾನೆ: ಸ್ವತ್ವ ಎಂಬುದು ಶಾಸ್ತ್ರದಿಂದ ಮಾತ್ರ ತಿಳಿಯುವಂಥದೋ, ಲೋಕದ ಬೇರೆ ಪ್ರಮಾಣಗಳಿಂದಲೂ ತಿಳಿಯುವಂಥದೋ? ಶಾಸ್ತ್ರದಿಂದಲೇ ಎಂಬ ಪಕ್ಷ ದುರ್ಬಲವೇನಲ್ಲ. ಗೌತಮ ಧರ್ಮಸೂತ್ರ ಒಡೆತನದ ಮೂಲಗಳನ್ನು ಎಣಿಸಿ ಇಟ್ಟಿದೆ: ವಾರಸು, ಕ್ರಯ, ಪಾಲು, ಯಾರಿಗೂ ಸೇರದ್ದನ್ನು ವಶಪಡಿಸಿಕೊಳ್ಳುವುದು, ನಿಧಿ ಸಿಗುವುದು. ಇವು ಎಲ್ಲರಿಗೂ ಹೊಂದುವಂಥವು. ಬ್ರಾಹ್ಮಣನಿಗೆ ದಾನ, ಕ್ಷತ್ರಿಯನಿಗೆ ಗೆಲುವು, ಉಳಿದವರಿಗೆ ದುಡಿಮೆ ಹೆಚ್ಚಿನವು. ಲೋಕಕ್ಕೆ ತಾನಾಗಿ ಗೊತ್ತಿದ್ದರೆ ಶಾಸ್ತ್ರ ಇದನ್ನು ಹೇಳಬೇಕಾಗಿರಲಿಲ್ಲವಲ್ಲ. ಅಲ್ಲದೆ ಒಡೆತನ ಬರೀ ಲೋಕದ ಕಣ್ಣಿಗೆ ಕಾಣುವ ಸಂಗತಿಯಾದರೆ ಕಳ್ಳನ ಕೈಲಿರುವ ಚಿನ್ನವೂ ಕಳ್ಳನದೇ ಆಗಿಬಿಡುತ್ತದೆ. ‘ಇವನು ನನ್ನದನ್ನು ಕದ್ದ’ ಎಂಬ ಮಾತಿಗೇ ಅರ್ಥ ಉಳಿಯುವುದಿಲ್ಲ.

ವಿಜ್ಞಾನೇಶ್ವರನ ತೀರ್ಪು ಇದಕ್ಕೆ ವಿರುದ್ಧ. ಸ್ವತ್ವ ಲೌಕಿಕವೇ. ಅಕ್ಕಿ ಗೋಧಿಯಂತೆ ಅದು ಲೋಕದ ಕೆಲಸಗಳನ್ನು ಸಾಧಿಸುತ್ತದೆ. ತನ್ನದಲ್ಲದ್ದನ್ನು ಕೊಟ್ಟು ಯಾರೂ ಏನನ್ನೂ ಕೊಳ್ಳಲಾರರು. ಯಜ್ಞದ ಆಹವನೀಯ ಅಗ್ನಿಯ ಮೇಲೂ ಅನ್ನ ಬೇಯುತ್ತದಲ್ಲ, ಅದೂ ಲೌಕಿಕವೇ ಎಂದು ಎದುರಾಳಿ ಕುಟುಕುತ್ತಾನೆ. ಅನ್ನ ಬೇಯಿಸುವುದು ಅದರೊಳಗಿನ ಬೆಂಕಿ, ಆಹವನೀಯತ್ವವಲ್ಲ ಎಂದು ಉತ್ತರ. ಕಳ್ಳನ ಆಕ್ಷೇಪಕ್ಕೂ ಸಮಾಧಾನವಿದೆ: ಕಳವನ್ನು ಒಡೆತನದ ಮೂಲವೆಂದು ಲೋಕವೇ ಒಪ್ಪಿಲ್ಲ. ಇವೆಲ್ಲಕ್ಕಿಂತ ಹರಿತವಾದ ವಾದ ಇನ್ನೊಂದು. ಗಡಿಯಾಚೆಯ ನಾಡುಗಳಲ್ಲಿ ವಾಸಿಸುವ, ಶಾಸ್ತ್ರದ ವ್ಯವಹಾರವನ್ನೇ ಕಾಣದ ಜನರಲ್ಲೂ ‘ಇದು ನನ್ನದು, ಅದು ನಿನ್ನದು’ ಎಂಬ ನಡವಳಿಕೆ ಇದೆ. ಅವರೂ ಕೊಳ್ಳುತ್ತಾರೆ, ಮಾರುತ್ತಾರೆ. ಶಾಸ್ತ್ರವಿಲ್ಲದ ಕಡೆ ಸ್ವತ್ವ ಇದೆಯೆಂದ ಮೇಲೆ ಅದರ ಹುಟ್ಟು ಶಾಸ್ತ್ರದಲ್ಲಿ ಇರಲಾರದು.

ವಿದೇಶದ ಸ್ವತ್ತಿನ ಬಗ್ಗೆ ಇದಕ್ಕಿಂತ ಸ್ಪಷ್ಟವಾದ ತಾತ್ವಿಕ ನಿಲುವು ಸಿಗುವುದು ಕಷ್ಟ. ಒಡೆತನ ಹುಟ್ಟುವುದು ಜನರ ಒಪ್ಪಿಗೆಯಲ್ಲಿ. ಎಲ್ಲಿ ವಸ್ತು ಇದೆಯೋ ಅಲ್ಲಿನ ಜನರ ಒಪ್ಪಿಗೆಯಲ್ಲಿ. ದುಬೈಯಲ್ಲಿ ಹೊರದೇಶದವರು ಗೊತ್ತುಮಾಡಿದ ಬಡಾವಣೆಗಳಲ್ಲಿ ಪೂರ್ಣ ಒಡೆತನ ಪಡೆಯಬಹುದೆಂದು 2002ರಲ್ಲಿ ತೀರ್ಮಾನವಾಯಿತು. 2006ರ 7ನೇ ಸಂಖ್ಯೆಯ ಕಾಯ್ದೆ ಆ ಒಡೆತನಕ್ಕೆ ನೋಂದಣಿಯ ಚೌಕಟ್ಟು ಕೊಟ್ಟಿತು. ಅದಕ್ಕೂ ಮುಂಚೆ ಅದೇ ಮರಳು, ಅದೇ ಕಡಲು ಇತ್ತು. ಬೆಂಗಳೂರಿನವನಿಗೆ ಅಲ್ಲಿ ಇಂಥ ಸ್ವತ್ವ ಮಾತ್ರ ಸಾಧ್ಯವಿರಲಿಲ್ಲ. ಕೆನಡಾ 2023ರ ಜನವರಿಯಿಂದ ಹೊರಗಿನವರು ಮನೆ ಕೊಳ್ಳುವುದನ್ನು ಬಹುಮಟ್ಟಿಗೆ ನಿಷೇಧಿಸಿತು. ಭಾರತದ ರೀತಿಯೂ ಬೇರೆಯಲ್ಲ: ಅನಿವಾಸಿ ಕನ್ನಡಿಗ ಮೈಸೂರಿನಲ್ಲಿ ಮನೆ ಕೊಳ್ಳಬಹುದು, ಮಂಡ್ಯದಲ್ಲಿ ಗದ್ದೆ ಕೊಳ್ಳುವಂತಿಲ್ಲ. ಹಣ ಎಷ್ಟೇ ಇರಲಿ, ಆ ನೆಲದ ಜನ ತಮ್ಮ ಕಾನೂನಿನ ಮೂಲಕ ‘ಹೌದು, ಇದು ಇವನದು’ ಎನ್ನದೆ ಹಣ ಸ್ವತ್ತಾಗುವುದಿಲ್ಲ.

ವಿಜ್ಞಾನೇಶ್ವರನ ಗಡಿಯಾಚೆಯ ಜನ ಬರೀ ತರ್ಕಕ್ಕಾಗಿ ಕಲ್ಪಿಸಿದವರಲ್ಲ. ಬೌಧಾಯನ ಧರ್ಮಸೂತ್ರ ಕಡಲಯಾನವನ್ನು ಪತನಕ್ಕೆ ಕಾರಣವೆಂದಿತು. ಮುಂದೆ ಕಲಿವರ್ಜ್ಯಗಳ, ಅಂದರೆ ಕಲಿಯುಗದಲ್ಲಿ ಬಿಡಬೇಕಾದ ಕೆಲಸಗಳ ಪಟ್ಟಿಯಲ್ಲೂ ದ್ವಿಜರ ಸಮುದ್ರಯಾನ ಸೇರಿತು. ವರ್ತಕರು ಅದಕ್ಕೆ ಕಿವಿಗೊಡಲಿಲ್ಲ. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರ ಸಂಘದ ತಮಿಳು ಶಾಸನವೊಂದು ಸುಮಾತ್ರಾದ ಬಾರೂಸ್ ಬಳಿ ದೊರೆತಿದೆ. ಅದರ ಕಾಲ 1088, ವಿಕ್ರಮಾದಿತ್ಯನ ಆಳ್ವಿಕೆಯ ನಡುವಿನದೇ. ಇಂದು ಮೈ ಇಲ್ಲೇ ಇದ್ದು ಹಣದ ಲೆಕ್ಕ ಮಾತ್ರ ಕಡಲು ದಾಟುತ್ತದೆ. ಪ್ರಾಯಶ್ಚಿತ್ತ ಕೇಳುವವರಿಲ್ಲ, ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ಮೀರಿದರೆ ಶೇಕಡಾ 20ರಷ್ಟು ತೆರಿಗೆಯನ್ನು ಬ್ಯಾಂಕು ಮೂಲದಲ್ಲೇ ವಸೂಲಿ ಮಾಡಿಕೊಳ್ಳುತ್ತದೆ, ಅಷ್ಟೆ.

ಸ್ವತ್ವ ಲೌಕಿಕ ಎಂದಾಗಲೂ ಅದೇನು ಎಂಬುದು ಉಳಿದೇ ಇತ್ತು. ಮನಬಂದಂತೆ ವಿನಿಯೋಗಿಸಲು ತಕ್ಕದ್ದಾಗಿರುವುದೇ ಸ್ವತ್ವ ಎಂಬುದು ರೂಢಿಯ ಲಕ್ಷಣ. 1500ರ ಆಸುಪಾಸಿನಲ್ಲಿ ನವದ್ವೀಪದ ರಘುನಾಥ ಶಿರೋಮಣಿ ಇದನ್ನು ಕೆಡವಿದ. ಇನ್ನೊಬ್ಬರ ಅನ್ನವನ್ನೂ ಉಣ್ಣಲು ಬರುತ್ತದೆ. ಉಣ್ಣಲು ಬರುತ್ತದೆಂದು ಅದು ಉಂಡವನದಾಗುವುದಿಲ್ಲ. ಶಾಸ್ತ್ರ ತಡೆಯುತ್ತದೆ ಎಂದರೆ, ಪರರ ಸ್ವತ್ತನ್ನು ಮುಟ್ಟಬೇಡ ಎಂಬ ಆ ನಿಷೇಧ ಅರ್ಥವಾಗಲು ‘ಪರರ ಸ್ವತ್ತು’ ಎಂಬುದು ಮೊದಲೇ ಅರ್ಥವಾಗಿರಬೇಕು. ವಾದ ತನ್ನ ಬಾಲವನ್ನೇ ಕಚ್ಚುತ್ತದೆ. ಆದ್ದರಿಂದ ಸ್ವತ್ವವನ್ನು ಬೇರೆ ಯಾವುದಕ್ಕೂ ಇಳಿಸಲಾಗದು, ಅದು ಪ್ರತ್ಯೇಕ ಪದಾರ್ಥವೇ ಎಂದು ಆತ ಸಾರಿದ. ಇರುವುದನ್ನೆಲ್ಲ ಏಳು ಪದಾರ್ಥಗಳಾಗಿ ವಿಂಗಡಿಸುವ ವೈಶೇಷಿಕ ದರ್ಶನದ ಅಚ್ಚುಕಟ್ಟಾದ ಪಟ್ಟಿಗೆ ಹೀಗೆ ಹೊಸದೊಂದನ್ನು ತಂದು ಸೇರಿಸುವುದು ಸಣ್ಣ ಧೈರ್ಯವಲ್ಲ. ವಿದೇಶದ ಫ್ಲ್ಯಾಟಿನ ಒಡೆಯ ರಘುನಾಥನ ಮಾತಿಗೆ ಒಳ್ಳೆಯ ಸಾಕ್ಷಿ. ಅಲ್ಲಿ ಉಣ್ಣುವವನು, ಮಲಗುವವನು ಬಾಡಿಗೆದಾರ, ವಿನಿಯೋಗವೆಲ್ಲ ಅವನದು. ಒಡೆಯನ ಬಳಿ ಇರುವುದು ಆ ಎಂಟನೆಯದು ಮಾತ್ರ.

ನೆಲದ ವಿಷಯದಲ್ಲಿ, ವೇದವಾಕ್ಯಗಳ ಅರ್ಥ ನಿರ್ಣಯಿಸುವ ಮೀಮಾಂಸಕರು ಇನ್ನೊಂದು ತಡೆ ಒಡ್ಡಿದ್ದಾರೆ. ವಿಶ್ವಜಿತ್ ಯಾಗದಲ್ಲಿ ಯಜಮಾನ ತನ್ನದೆಲ್ಲವನ್ನೂ ದಕ್ಷಿಣೆ ಕೊಡಬೇಕು. ಯಜಮಾನ ರಾಜನಾಗಿದ್ದರೆ ಭೂಮಿಯನ್ನೂ ಕೊಡಬೇಕೆ? ಮೀಮಾಂಸಾ ಸೂತ್ರಕಾರ ಜೈಮಿನಿ ಕೂಡದು ಎನ್ನುತ್ತಾನೆ, ಭೂಮಿ ಎಲ್ಲರಿಗೂ ಸಮಾನವಾದ್ದರಿಂದ. ಆ ಸೂತ್ರಗಳಿಗೆ ಶಬರ ಬರೆದ ಭಾಷ್ಯದ ಪ್ರಕಾರ ಜನರಿಗೆ ಒಡೆತನ ಕಾಣುವುದು ಹೊಲಗಳಲ್ಲಿ, ಪೃಥ್ವಿಯಲ್ಲಲ್ಲ. ರಾಜನಿಗಿರುವುದು ಕಾಯುವ ಹೊಣೆ ಮತ್ತು ಬೆಳೆಯಲ್ಲೊಂದು ಪಾಲು. ವಿಜಯನಗರದ ಆರಂಭಕಾಲದಲ್ಲಿ ಮಾಧವಾಚಾರ್ಯ ‘ಜೈಮಿನೀಯ ನ್ಯಾಯಮಾಲಾ ವಿಸ್ತರ’ದಲ್ಲಿ ಈ ಚರ್ಚೆಯನ್ನು ಮತ್ತೆ ತಂದ. ಹೊಸ ಸಾಮ್ರಾಜ್ಯ ಕಟ್ಟುತ್ತಿದ್ದವರ ಆಸ್ಥಾನದಲ್ಲೇ, ನೆಲ ರಾಜನದಲ್ಲ ಎಂಬ ವಾಕ್ಯ ಅಳುಕಿಲ್ಲದೆ ಉಳಿದುಕೊಂಡಿತು. ಹೊಲಕ್ಕೂ ಪೃಥ್ವಿಗೂ ನಡುವಿನ ಈ ಗೆರೆ ಇಂದಿನ ಕಾನೂನುಗಳಲ್ಲಿ ಬೇರೆ ವೇಷದಲ್ಲಿದೆ. ಥಾಯ್ಲೆಂಡಿನಲ್ಲಿ ವಿದೇಶಿ ಸಾಮಾನ್ಯವಾಗಿ ನೆಲ ಕೊಳ್ಳುವಂತಿಲ್ಲ. ಅಪಾರ್ಟ್‌ಮೆಂಟ್ ಸಮುಚ್ಚಯವೊಂದರ ಒಟ್ಟು ವಿಸ್ತೀರ್ಣದಲ್ಲಿ ಶೇಕಡಾ 49ರ ಮಿತಿಯೊಳಗೆ ಮನೆ ಕೊಳ್ಳಬಹುದು. ಆಕಾಶ ಮಾರಿ ಭೂಮಿ ಉಳಿಸಿಕೊಂಡಂತೆ.

ಯೆಹೂದಿ ಪರಂಪರೆ ಇದೇ ಪ್ರಶ್ನೆಗೆ ದೇವರ ಕಡೆಯಿಂದ ಉತ್ತರ ಕೊಟ್ಟಿತು. ನೆಲ ದೇವರದು, ಮನುಷ್ಯರು ಅದರ ಮೇಲೆ ಬಿಡಾರ ಹೂಡಿದವರು. ಆದ್ದರಿಂದ ಶಾಶ್ವತ ಮಾರಾಟ ಸಲ್ಲದು, ಐವತ್ತನೆಯ ವರ್ಷ ಹೊಲ ಮೂಲ ಮನೆತನಕ್ಕೆ ಮರಳಬೇಕು ಎನ್ನುತ್ತದೆ ಬೈಬಲಿನ ಯಾಜಕಕಾಂಡ. 1901ರಲ್ಲಿ ಬಾಸೆಲ್‌ನ ಜಿಯೋನಿಸ್ಟ್ ಸಮಾವೇಶದಲ್ಲಿ ಹುಟ್ಟಿದ ಯೆಹೂದಿ ರಾಷ್ಟ್ರೀಯ ನಿಧಿ ಜಗತ್ತಿನ ಮನೆಮನೆಗಳಲ್ಲಿ ನೀಲಿ ಡಬ್ಬಿಯಿಟ್ಟು ಕಾಸು ಕೂಡಿಸಿ ಪ್ಯಾಲೆಸ್ತೀನಿನಲ್ಲಿ ನೆಲ ಕೊಂಡಿತು. ಕೊಂಡದ್ದನ್ನು ಮಾರದೆ, ಐವತ್ತಕ್ಕೆ ಒಂದು ಕಡಿಮೆ ಮಾಡಿ 49 ವರ್ಷಗಳ ಗುತ್ತಿಗೆಗೆ ಮಾತ್ರ ಕೊಡುವುದನ್ನು ನಿಯಮ ಮಾಡಿಕೊಂಡಿತು. ಒಂದು ಜನಾಂಗದ ಹೆಸರಿನಲ್ಲಿ ದೇಶದಿಂದ ದೇಶಕ್ಕೆ ಹಣ ಹರಿದು ನೆಲವಾದ ಉದಾಹರಣೆಗಳಲ್ಲಿ ಇದು ದೊಡ್ಡದು. ಕಷ್ಟದ ಪ್ರಶ್ನೆಯೂ ಅಲ್ಲೇ ಇತ್ತು. 1920ರ ದಶಕದಲ್ಲಿ ಜೆಜ್ರೀಲ್ ಕಣಿವೆಯ ದೊಡ್ಡ ಜಮೀನುಗಳನ್ನು ಮಾರಿದ್ದು ಬೈರೂತಿನ ಸುರ್ಸೊಕ್ ಮನೆತನ. ಕೊಳ್ಳಲು ಬಂದ ಹಣ ಯುರೋಪು, ಅಮೆರಿಕಗಳದು. ಎರಡೂ ಕಡೆಯವರು ಹೊರಗಿನವರು. ಉಳುತ್ತಿದ್ದ ಅರಬ್ ಗೇಣಿದಾರರು ಕಾಗದಪತ್ರದಲ್ಲಿ ಎಲ್ಲೂ ಇರಲಿಲ್ಲ, ಊರು ಬಿಟ್ಟು ಹೋಗಬೇಕಾಯಿತು. ಕ್ರಯ ಕಾನೂನುಬದ್ಧವಾಗಿತ್ತು.

ಈ ಬಗೆಯ ಕ್ರಯಕ್ಕೆ ಮಿತಾಕ್ಷರಾದಲ್ಲಿ ಉದ್ಧರಿಸಿದ ಸ್ಮೃತಿವಚನವೊಂದು ಒರೆಗಲ್ಲು. ಭೂಮಿ ಆರರಿಂದ ಕೈದಾಟುತ್ತದೆ ಎಂದು ಅದು ಹೇಳುತ್ತದೆ: ಊರವರು, ಜ್ಞಾತಿಗಳು, ಅಕ್ಕಪಕ್ಕದ ಹೊಲದವರು, ದಾಯಾದಿಗಳು ಈ ನಾಲ್ವರ ಸಮ್ಮತಿ, ಜತೆಗೆ ಹೊನ್ನು ಮತ್ತು ನೀರು. ಸ್ಥಿರಾಸ್ತಿಯ ಮಾರಾಟವೇ ನಿಷಿದ್ಧ ಎಂಬ ಇನ್ನೊಂದು ವಚನವಿದ್ದುದರಿಂದ, ಮಾರುವಾಗಲೂ ಹೊನ್ನು ಸೇರಿಸಿ ನೀರೆರೆದು ದಾನದ ರೂಪ ಕೊಡಬೇಕಿತ್ತು. ಕನ್ನಡ ಶಾಸನಗಳ ‘ಧಾರಾಪೂರ್ವಕ’ ಎಂಬ ಪದದಲ್ಲಿ ಆ ನೀರಿನ ಸದ್ದಿದೆ. ಊರವರ ಒಪ್ಪಿಗೆಯಿಲ್ಲದೆ ವ್ಯವಹಾರವೇ ಅಸಿಂಧು ಎನ್ನುವಷ್ಟು ದೂರ ವಿಜ್ಞಾನೇಶ್ವರ ಹೋಗುವುದಿಲ್ಲ. ವ್ಯವಹಾರ ಬಯಲಾಗಲಿ ಎಂದು ಊರವರು, ಗಡಿಯ ತಕರಾರು ಬಾರದಿರಲಿ ಎಂದು ನೆರೆಯವರು ಎಂದು ಆತ ವಿವರಿಸುತ್ತಾನೆ. ಅವನ ಸೌಮ್ಯ ವಿವರಣೆಗಿಂತ ಮೂಲ ವಚನವೇ ಇಂದಿಗೆ ಹೆಚ್ಚು ಬೇಕಾದದ್ದು. ಹೊರದೇಶದ ಹಣ ಬಂದು ಮನೆಗಳ ಬೆಲೆ ಏರಿದಾಗ ನೋಯುವವರು ಕೊಂಡವನೂ ಅಲ್ಲ, ಮಾರಿದವನೂ ಅಲ್ಲ, ಊರವರು. ಮನೆ ಕೊಂಡ ವಿದೇಶಿಯರಿಗೆ ವಾಸದ ಪರವಾನಗಿ ಕೊಡುವ ಯೋಜನೆಯನ್ನು 2012ರಲ್ಲಿ ತೆರೆದ ಪೋರ್ಚುಗಲ್, ಮನೆ ಕೊಳ್ಳುವ ಆ ದಾರಿಯನ್ನು 2023ರಲ್ಲಿ ಮುಚ್ಚಿತು. ಸ್ಪೇನ್ 2025ರ ಏಪ್ರಿಲ್‌ನಲ್ಲಿ ಅದನ್ನೇ ಮಾಡಿತು. ಊರವರ ಸಮ್ಮತಿ ತಡವಾಗಿ ಕೇಳಿದಂತಾಯಿತು.

ಇಷ್ಟು ನೆಲದ ಮಾತು. ಹಣದ ಕಡೆಯ ಪ್ರಶ್ನೆಯನ್ನು ಸೂಕ್ಷ್ಮವಾಗಿ ಅಳೆದವರು ಇಸ್ಲಾಮಿನ ಧರ್ಮಶಾಸ್ತ್ರಜ್ಞರು. ಚಿನ್ನ, ಬೆಳ್ಳಿ, ಗೋಧಿ, ಜವೆ, ಖರ್ಜೂರ, ಉಪ್ಪು ಈ ಆರನ್ನು ಹೆಸರಿಸುವ ಹದೀಸಿನಂತೆ, ಬೇರೆ ಬೇರೆ ನಾಣ್ಯಗಳ ವಿನಿಮಯ ಯಾವ ದರದಲ್ಲಾದರೂ ಆಗಬಹುದು, ಆದರೆ ಅದೇ ಕೂಟದಲ್ಲಿ ಕೈಯಿಂದ ಕೈಗೆ ಆಗಬೇಕು. ತಡವಾದರೆ ಅದರೊಳಗೆ ಬಡ್ಡಿ ನುಸುಳುತ್ತದೆ. ಒಂದೂರಿನಲ್ಲಿ ಹಣ ಕೊಟ್ಟು ಇನ್ನೊಂದೂರಿನಲ್ಲಿ ಪಡೆಯುವ ‘ಸುಫ್ತಜಾ’ ಪತ್ರದ ಬಗ್ಗೆಯೂ ಭಿನ್ನಮತವಿತ್ತು. ಸಾಲ ಕೊಟ್ಟವನಿಗೆ ದಾರಿಯ ಕಳ್ಳರ ಭಯ ತಪ್ಪಿತು. ಆ ನಿಶ್ಚಿಂತೆಯೂ ಒಂದು ಲಾಭ, ಸಾಲದ ಮೇಲಿನ ಲಾಭ ಬಡ್ಡಿಯೇ ಎಂದು ಹನಫೀ ಪಂಥದವರು ಅದನ್ನು ಅಪ್ರಿಯವೆಂದರು. ಇಬ್ಬರಿಗೂ ಅನುಕೂಲ, ಯಾರಿಗೂ ನಷ್ಟವಿಲ್ಲ ಎಂದು ಶಾಸ್ತ್ರಜ್ಞ ಇಬ್ನ್ ತೈಮಿಯ್ಯ ಒಪ್ಪಿದ. ಇಂದು ರೂಪಾಯಿ ಸೋಮವಾರ ಕಡಿತವಾಗಿ ದಿರ್ಹಮ್ ಬುಧವಾರ ಜಮೆಯಾದರೆ ಕೈಯಿಂದ ಕೈಗೆ ಎಂಬುದರ ಗತಿಯೇನು? 1990ರಲ್ಲಿ ಜಿದ್ದಾದ ಇಸ್ಲಾಮಿ ಫಿಕ್ಹ್ ಅಕಾಡೆಮಿ, ಖಾತೆಯಲ್ಲಿ ಬರೆದುಕೊಂಡರೆ ಕೈಗೆ ಬಂದಂತೆಯೇ, ರೂಢಿಯಲ್ಲಿ ಒಪ್ಪಿತವಾದ ತಡವನ್ನು ಮನ್ನಿಸಬಹುದು ಎಂದು ನಿರ್ಣಯಿಸಿತು. ಭಟ್ಕಳ, ಮಂಗಳೂರುಗಳಿಂದ ಕೊಲ್ಲಿಗೆ ಹೋದ ಮನೆತನಗಳಿಗೆ ಈ ನಿರ್ಣಯ ಪುಸ್ತಕದ ವಿಷಯವಲ್ಲ, ದಿನಬಳಕೆಯದು. ಇಲ್ಲೂ ಕಡೆಗೆ ಗೆದ್ದದ್ದು ಲೋಕದ ರೂಢಿಯೇ. ಬಡ್ಡಿಯ ಗೃಹಸಾಲದ ಪ್ರಶ್ನೆ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ: 1999ರಲ್ಲಿ ಯುರೋಪಿನ ಫತ್ವಾ ಮಂಡಳಿ, ಬೇರೆ ದಾರಿಯಿಲ್ಲದ ಮುಸ್ಲಿಮರು ವಾಸದ ಮನೆಗಾಗಿ ಅಂಥ ಸಾಲ ಪಡೆಯಬಹುದೆಂದಿತು, ಅನೇಕ ವಿದ್ವಾಂಸರು ಒಪ್ಪಲಿಲ್ಲ. ವಾಸಕ್ಕೆಂಬ ಷರತ್ತು ಮುಖ್ಯ. ಬಾಡಿಗೆಗೆ ಬಿಡಲು ಕೊಳ್ಳುವ ಎರಡನೆಯ ಮನೆಗೆ ಆ ರಿಯಾಯಿತಿ ಸಲ್ಲದು.

ಉಳಿದದ್ದು ತಪ್ಪು ದಾರಿಯಲ್ಲಿ ದಾಟಿದ ಹಣ. ಭಾರತದಲ್ಲಿ ಈ ತಪ್ಪಿನ ತೂಕ ಕಾಲಕಾಲಕ್ಕೆ ಬದಲಾಗಿದೆ. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯಡಿ ಉಲ್ಲಂಘನೆ ಅಪರಾಧ, ಜೈಲಿನ ವಿಷಯ. ಅದರ ಬದಲಿಗೆ ಬಂದ 1999ರ ಕಾಯ್ದೆಯಲ್ಲಿ ಅದು ಮುಖ್ಯವಾಗಿ ದಂಡ ತೆತ್ತು ಮುಗಿಸುವ ಸಂಗತಿಯಾಯಿತು. 2004ರಲ್ಲಿ ನಿವಾಸಿಗಳು ವರ್ಷಕ್ಕೆ 25,000 ಡಾಲರ್ ಕಳಿಸಬಹುದೆಂದ ರಿಸರ್ವ್ ಬ್ಯಾಂಕು ಮಿತಿಯನ್ನು ಏರಿಸುತ್ತ ಹೋಗಿ, 2013ರ ಆಗಸ್ಟ್‌ನಲ್ಲಿ ರೂಪಾಯಿ ಕುಸಿದಾಗ 75,000ಕ್ಕೆ ಇಳಿಸಿತು, ವಿದೇಶದಲ್ಲಿ ಮನೆ ಕೊಳ್ಳುವುದನ್ನೇ ತಡೆಯಿತು. ಮರುವರ್ಷ ತಡೆ ತೆರವಾಯಿತು. 2015ರಿಂದ ಮಿತಿ 2,50,000 ಡಾಲರ್. 2013ರ ಸೆಪ್ಟೆಂಬರ್‌ನಲ್ಲಿ ದೋಷವಾಗಿದ್ದ ಕೆಲಸ 2015ರಲ್ಲಿ ನಿರ್ದೋಷವಾಯಿತೆಂದರೆ, ದೋಷವಿದ್ದದ್ದು ಕೆಲಸದಲ್ಲೋ ನಿಯಮದಲ್ಲೋ ಎಂದು ಕೇಳಬಹುದು. ಅಘೋಷಿತ ವಿದೇಶಿ ಆಸ್ತಿಗೆ 2015ರ ಕಪ್ಪುಹಣ ಕಾಯ್ದೆ ಮಾತ್ರ ಕಠಿಣವಾಗಿದೆ: ಬೆಲೆಯ ಶೇಕಡಾ 30ರಷ್ಟು ತೆರಿಗೆ, ತೆರಿಗೆಯ ಮೂರು ಪಟ್ಟು ದಂಡ, ಮೇಲೆ ಸೆರೆವಾಸದ ಸಾಧ್ಯತೆ. ಮನೆಯ ಬೆಲೆಗಿಂತ ತೆರಬೇಕಾದದ್ದೇ ಹೆಚ್ಚು.

ಕಾನೂನಿಗೆ ಸಿಗದ ಇನ್ನೊಂದು ಎಳೆಯನ್ನು ಮೀಮಾಂಸಕರು ಬಿಡಿಸಿದ್ದರು. ಧನ ಗಳಿಸುವ ನಿಯಮಗಳು ಯಜ್ಞಕ್ಕೆ ಸಂಬಂಧಿಸಿದವೋ, ಗಳಿಸುವ ಮನುಷ್ಯನಿಗೋ? ಮನುಷ್ಯನಿಗೆ ಎಂಬುದು ತೀರ್ಮಾನ. ನಿಯಮ ಮೀರಿ ಗಳಿಸಿದ ಹಣದಿಂದ ಯಜ್ಞ ಮಾಡಿದರೆ ಯಜ್ಞ ಕೆಡುವುದಿಲ್ಲ, ಪಾಪ ಗಳಿಸಿದವನಿಗೆ. ವಿಜ್ಞಾನೇಶ್ವರ ಇದನ್ನು ಎತ್ತಿಕೊಂಡು ತನ್ನ ವಾದದ ಫಲವನ್ನು ತೋರಿಸುತ್ತಾನೆ. ಸ್ವತ್ವ ಶಾಸ್ತ್ರದ್ದಾಗಿದ್ದರೆ ನಿಷಿದ್ಧ ರೀತಿಯಲ್ಲಿ, ಅಂದರೆ ದುಷ್ಟರ ದಾನ ಹಿಡಿದೋ ತನಗೆ ಸಲ್ಲದ ವ್ಯಾಪಾರ ಮಾಡಿಯೋ ಗಳಿಸಿದ್ದು ಅಪ್ಪನದೇ ಆಗುತ್ತಿರಲಿಲ್ಲ, ಮಕ್ಕಳಿಗೆ ಪಾಲೂ ಇರುತ್ತಿರಲಿಲ್ಲ. ಲೌಕಿಕವಾದ್ದರಿಂದ ಅದು ಅಪ್ಪನದೇ. ಮನು ಹೇಳಿದ ಪ್ರಾಯಶ್ಚಿತ್ತ, ಆ ಧನದ ತ್ಯಾಗ ಮತ್ತು ಜಪತಪ, ಅಪ್ಪನಿಗೆ ಸೇರಿದ್ದು. ಮಕ್ಕಳು ಪಡೆದದ್ದು ಪಾಲಿನಿಂದ, ಪಾಲು ಧರ್ಮಸಮ್ಮತ ಮೂಲ, ಅವರಿಗೆ ದೋಷವಿಲ್ಲ. ಇದು ನನ್ನದೇ ಎಂಬ ಪ್ರಶ್ನೆಯನ್ನೂ ಇದು ಸರಿಯೇ ಎಂಬ ಪ್ರಶ್ನೆಯನ್ನೂ ಇಷ್ಟು ನಿಚ್ಚಳವಾಗಿ ಬೇರ್ಪಡಿಸಿದ್ದು ಆತನ ಸಾಧನೆ. ಅದರ ಬೆಲೆಯೂ ಇದೆ: ಕೊಳೆ ಹತ್ತಿದ ಧನ ಒಂದೇ ತಲೆಮಾರಿನಲ್ಲಿ ತೊಳೆದುಹೋಗುತ್ತದೆ.

ವಿದೇಶಿ ಹೂಡಿಕೆಯ 2022ರ ಭಾರತೀಯ ನಿಯಮಗಳು ಇಷ್ಟು ಉದಾರವಾಗಿಲ್ಲ. ಇಲ್ಲಿಯ ನಿವಾಸಿಯೊಬ್ಬರು ಇನ್ನೊಬ್ಬ ನಿವಾಸಿಯ ವಿದೇಶದ ಮನೆಯನ್ನು ವಾರಸಾಗಿ ಪಡೆಯಬಹುದು; ಆದರೆ ಆ ಮೊದಲಿನವರು ಅದನ್ನು ಕೊಂಡಾಗ ಜಾರಿಯಲ್ಲಿದ್ದ ವಿನಿಮಯ ನಿಯಮಗಳಂತೆಯೇ ಕೊಂಡಿರಬೇಕು. ಹವಾಲಾ ಮೂಲಕ ಹಣ ದಾಟಿಸಿ ಅಪ್ಪ ಕೊಂಡ ಫ್ಲ್ಯಾಟಿಗೆ ದುಬೈಯ ಭೂದಾಖಲೆ ಇಲಾಖೆ ಮಗನ ಹೆಸರು ಬರೆದುಕೊಟ್ಟರೂ, ಅದರ ಬೆಲೆಗೆ ಸಮನಾದ ಆಸ್ತಿಯನ್ನು ಭಾರತದಲ್ಲಿ ಜಪ್ತಿ ಮಾಡಲು 1999ರ ವಿದೇಶಿ ವಿನಿಮಯ ಕಾಯ್ದೆಯ 37ಎ ಕಲಮಿನಲ್ಲಿ ಅವಕಾಶವಿದೆ.